ಜಾಡಿಗೆ ಕಿವಿಗೊಟ್ಟು

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾರ ಮನೆಗೆ ಹೋದರೂ ಅಡುಗೆಮನೆಯ ಮೂಲೆಯಲ್ಲಿ ಜಾಡಿ ಕಂಡರೆ ಬಗ್ಗಿ ಅದಕ್ಕೆ ಕಿವಿ ಇಡುತ್ತೇನೆ. ಉಪ್ಪಿನಕಾಯಿ ಜಾಡಿಯಾದರೂ ಸರಿ, ದೋಸೆ ಹಿಟ್ಟಿನ ಪಾತ್ರೆಯಾದರೂ ಸರಿ. ಒಮ್ಮೆ ಬೀಗರ ಮನೆಯಲ್ಲಿ ಹೀಗೆ ಬಗ್ಗಿದ್ದಾಗ ಆ ಮನೆಯಾಕೆ ಬಂದರು. ನಾನು ಏನನ್ನೋ ಕಳೆದುಕೊಂಡು ಹುಡುಕುತ್ತಿದ್ದೇನೆಂದು ತಿಳಿದು ತಾವೂ ಬಗ್ಗಿ ಹುಡುಕತೊಡಗಿದರು. ಇಬ್ಬರೂ ಸ್ವಲ್ಪ ಹೊತ್ತು ಹುಡುಕಿದೆವು. ಏನು ಕಳೆದಿದೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಉಪ್ಪಿನಕಾಯಿ ಮಾತಾಡುವುದಿಲ್ಲ, ಅದು ನನಗೂ ಗೊತ್ತು. ದೋಸೆ ಹಿಟ್ಟು ಕಿವಿ ಚುರುಕಾಗಿರುವವರಿಗೆ ಮಾತ್ರ ಕೇಳುವಷ್ಟು ಪಿಸುಗುಡುತ್ತದೆ. ಆದರೆ ನೇರಳೆ ಹಣ್ಣಿನ ರಸ ಬೆಲ್ಲದ ಜೊತೆ ಜಾಡಿಯಲ್ಲಿ ಕೂತಿತು ಅನ್ನಿ, ಅದರ ಸಡಗರವೇ ಬೇರೆ. ಗುಳುಂ ಅನ್ನುತ್ತದೆ, ಸುಮ್ಮನಾಗುತ್ತದೆ, ನೀವು ಎದ್ದು ಹೋಗಬೇಕು ಅನ್ನುವಾಗ ಮತ್ತೆ ಗುಳುಂ ಅನ್ನುತ್ತದೆ. ಅದನ್ನು ನಾನು ಕೇಳಿದ್ದು ಒಂದೇ ಒಂದು ಮಳೆಗಾಲದಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ. ಅಂದಿನಿಂದ ಈ ಅಭ್ಯಾಸ ಹತ್ತಿಕೊಂಡಿದೆ.

ಕೆದಕಿ ನೋಡುವ ಚಟ ಮಾತ್ರ ಅದಕ್ಕಿಂತ ಹಳೆಯದು. ನನ್ನ ತವರು ಮದ್ದೂರು. ಹಿತ್ತಲಲ್ಲಿ ಅವ್ವ ಅವರೆಬೀಜ ಊರಿದರೆ ಮರುದಿನ ಬೆಳಗ್ಗೆ ನಾನು ಬೆರಳು ಹಾಕಿ ತೆಗೆದು, ಮೊಳಕೆ ಎಷ್ಟು ಬಂದಿದೆ ನೋಡಿ, ಮತ್ತೆ ಮುಚ್ಚಿ ಬರುತ್ತಿದ್ದೆ. ಅದರ ಮರುದಿನವೂ ಹಾಗೆಯೇ. ಒಂದು ಬೀಜವೂ ಬಳ್ಳಿಯಾಗಲಿಲ್ಲ. ಅವ್ವ ಹಿತ್ತಲ ಮಣ್ಣನ್ನು ಬೈದಳು, ಬೀಜ ಕೊಟ್ಟವರನ್ನು ಬೈದಳು, ಕೊನೆಗೊಂದು ದಿನ ನನ್ನ ಉಗುರಿನ ಮಣ್ಣು ನೋಡಿ ಸುಮ್ಮನಾದಳು.

"ಇವ್ಳು ಗಂಡನ ಮನೇಲಿ ಅನ್ನ ಬೇಯಾಕೆ ಬುಡಾಕಿಲ್ಲ ಕಣಮ್ಮ, ಗಳಿಗೆಗೊಂದು ಕಿತ ಮುಚ್ಚಳ ತೆಗೀತಾಳೆ" ಎಂದು ನೆರೆಮನೆಯವಳಿಗೆ ಹೇಳಿದ್ದು ನನಗಿನ್ನೂ ನೆನಪಿದೆ.

ಗಂಡನ ಮನೆ ಬೆಸಗರಹಳ್ಳಿ. ನಾನು ಅಲ್ಲಿಗೆ ಹೋದಾಗ ಹದಿನೇಳು ವರ್ಷ. ಮಾವ, ಅತ್ತೆ, ನನ್ನ ಯಜಮಾನರು, ನಾನು, ಇಷ್ಟೇ ಜನ. ಯಜಮಾನರು ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಿದ್ದರು. ಹಾಗಾಗಿ ನನ್ನ ಸಂಸಾರ ನಡೆದದ್ದೆಲ್ಲ ಅತ್ತೆಯ ಜೊತೆ. ಅತ್ತೆ ಒಳ್ಳೆಯವರು. ನಾನು ಮುಚ್ಚಳ ತೆಗೆಯುವುದನ್ನು ನೋಡಿಯೂ ನೋಡದ ಹಾಗಿದ್ದರು.

ಮಾವನ ಬಗ್ಗೆ ಸ್ವಲ್ಪ ಹೇಳಬೇಕು. ಅವರು ಖಾದಿ ಉಟ್ಟವರು. ಹೆಂಡದ ಅಂಗಡಿಯ ಮುಂದೆ ಅಡ್ಡ ಕೂತು, ಹೊಡೆತ ತಿಂದು, ಮೂರು ತಿಂಗಳು ಜೈಲಿನಲ್ಲಿದ್ದು ಬಂದವರು. ಊರಿನ ಈಚಲು ಮರಗಳಿಗೆ ಅವರ ಕೊಡಲಿಯ ಗುರುತಿತ್ತು. ಯಾರ ಮನೆಯ ಅಟ್ಟದಲ್ಲಿ ಹೆಂಡದ ಗಡಿಗೆ ಇದೆ ಎಂದು ಬೀದಿಯಲ್ಲಿ ನಡೆದು ಹೋಗುವಾಗಲೇ ಅವರ ಮೂಗಿಗೆ ತಿಳಿಯುತ್ತಿತ್ತಂತೆ. ಒಳಗೆ ಹೋಗಿ ತಾವೇ ಇಳಿಸಿ ಒಡೆಯುತ್ತಿದ್ದರು. ಹೀಗೆ ಒಡೆಸಿಕೊಂಡವನೊಬ್ಬ ಸಿಟ್ಟಿನಲ್ಲಿ, "ನಿಮ್ ಮನೇಲಿ ಸಿಕ್ರೆ ಏನ್ ಮಾಡೀರಿ ಗೌಡ್ರೆ" ಎಂದು ಚಾವಡಿಯಲ್ಲಿ ಕೇಳಿದ. ಮಾವ ತಮ್ಮ ಕಂಬಳಿಯ ಮೇಲೆ ಕೂತಿದ್ದರು. "ನನ್ ಮನೇಲಿ ಒಂದು ತೊಟ್ಟು ಸಿಕ್ಕಿದ್ ದಿವ್ಸ ಈ ಕಂಬಳಿ ಮಡಿಸ್ಕೊಂಡು ಓಯ್ತೀನಿ, ತಿರುಗಿ ಚಾವಡಿ ಅತ್ತಾಕಿಲ್ಲ" ಎಂದರು. ಊರಿನ ವ್ಯಾಜ್ಯಗಳೆಲ್ಲ ಆ ಕಂಬಳಿಯ ಮುಂದೆಯೇ ತೀರುತ್ತಿದ್ದವು. ಅದು ಮನೆಗೆ ಬರುತ್ತಲೇ ಇರಲಿಲ್ಲ, ಹಗಲೂ ರಾತ್ರಿ ಚಾವಡಿಯ ಕಂಬಕ್ಕೆ ಆತುಕೊಂಡೇ ಇರುತ್ತಿತ್ತು.

ನಾಲೆಯ ನೀರು ಬಂದ ಮೇಲೆ ನಮ್ಮ ಕಡೆ ಭತ್ತ, ಕಬ್ಬು ಬಂದವು, ಅವುಗಳ ಜೊತೆ ಸೊಳ್ಳೆಯೂ ಬಂತು. ಆ ವರ್ಷ ಬೇಸಗೆಯಲ್ಲಿ ಅತ್ತೆಗೆ ಚಳಿಜ್ವರ ಹಿಡಿಯಿತು. ಕ್ವಿನೈನು ನುಂಗಿ ನುಂಗಿ ಜ್ವರ ಬಿಟ್ಟಿತು. ಜ್ವರದ ಹಿಂದೆಯೇ ಹಸಿವೂ ಹೊರಟುಹೋಯಿತು. ಒಂದು ಮುದ್ದೆಗೆ ಎರಡು ತುತ್ತು ಮುರಿದು, ಮೂರನೆಯದನ್ನು ತಟ್ಟೆಯಲ್ಲೇ ಉರುಳಿಸುತ್ತಾ ಕೂತುಬಿಡುತ್ತಿದ್ದರು. "ಯಾಕತ್ತೆಮ್ಮ" ಎಂದರೆ, "ಬಾಯಿಗೆ ಮಣ್ಣು ಮಣ್ಣು ಆಯ್ತದೆ ಕಣವ್ವ" ಅನ್ನುವರು. ಕೈಬಳೆ ಮೊಣಕೈವರೆಗೂ ಜಾರತೊಡಗಿತು. ಆ ಬಳೆ ಜಾರುವ ಸದ್ದಿಗೆ ನನಗೆ ಹೆದರಿಕೆಯಾಗುತ್ತಿತ್ತು. ನನ್ನ ಅವ್ವನೂ ತೀರಿಕೊಳ್ಳುವ ಮುಂಚೆ ಹೀಗೆಯೇ ಉಣ್ಣುವುದು ಬಿಟ್ಟಿದ್ದಳು.

ಯಜಮಾನರು ಅವರನ್ನು ಮಂಡ್ಯದ ಡಾಕ್ಟರಿಗೆ ತೋರಿಸಿಕೊಂಡು ಬಂದರು. ಬಂದವರು ನನ್ನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದರು.

"ವೈನು ಕೊಡಿ ಅಂದ್ರು ಕಣೆ, ಊಟಕ್ ಮುಂಚೆ ಎರಡು ಚಮಚ. ಅಸಿವು ಉಟ್ಟುತ್ತಂತೆ."

"ತರ್ಬೇಕಾಗಿತ್ತು."

"ಎಲ್ಲಿಂದ ತರ್ಲಿ? ಅದು ಬಿಳೀರ ಸೀಮೆಯಿಂದ ಬತ್ತಿತ್ತಂತೆ, ಯುದ್ಧ ಬಂದ್ಮೇಲೆ ನಿಂತೋಗ್ಯದೆ. ಯಾವ್ದಾರ ಅಣ್ಣು ಸಿಕ್ರೆ ಮನೇಲೇ ಮಾಡ್ಕೋಬೌದಂತೆ. ಕಾರ್ಖಾನೇಲಿ ಒಬ್ರು ಬಲ್ಲೋರು ಬರ್ಕೊಟ್ಟವ್ರೆ."

ಅಂಗೈಯಷ್ಟು ಚೀಟಿ. ಅದರಲ್ಲಿ ನಾಲ್ಕೇ ಸಾಲು. ಹಣ್ಣು ಹಿಸುಕು. ಸಕ್ಕರೆ ಹಾಕು. ಜಾಡಿಯ ಬಾಯಿಗೆ ಬಟ್ಟೆ ಕಟ್ಟು. ಒಂದು ತಿಂಗಳು ಮುಟ್ಟಬೇಡ. ಆ ನಾಲ್ಕನೆಯ ಸಾಲನ್ನು ನನ್ನ ಅವ್ವನೇ ಬರೆಸಿ ಕಳಿಸಿದ ಹಾಗಿತ್ತು.

"ಮಾವಯ್ಯಂಗೆ ಏನ್ ಏಳೋದು?" ಎಂದೆ.

"ಅದು ನಿಂಗೆ ಬುಟ್ಟಿದ್ದು" ಎಂದು ಹೇಳಿ ಯಜಮಾನರು ಸಂಜೆಯ ಬಸ್ಸು ಹತ್ತಿದರು. ಧೈರ್ಯದ ವಿಷಯದಲ್ಲಿ ಅವರು ಯಾವಾಗಲೂ ಬಸ್ಸಿನ ಸಮಯ ನೋಡಿಕೊಂಡೇ ಮಾತಾಡುತ್ತಿದ್ದರು.

ನೇರಳೆಯ ಕಾಲ ಅದು. ಸಕ್ಕರೆಗೆ ರೇಷನ್ನು, ಆದರೆ ನಮ್ಮ ಸೀಮೆಯಲ್ಲಿ ಬೆಲ್ಲಕ್ಕೆ ಬರವೇ? ಹಣ್ಣು ತಂದೆ. ಅತ್ತೆ ಕಲಿಸಿದ ಶುಚಿ ನೋಡಿ, ಮೂರು ನೀರಿನಲ್ಲಿ ತೊಳೆದೆ, ಕೊನೆಯ ನೀರು ಬಿಸಿನೀರು. ಹಿಸುಕಿದೆ, ಬೆಲ್ಲ ಕಲಸಿದೆ. ಇಲ್ಲಿಗೆ ಚೀಟಿ ಮುಗಿಯಿತು. ಆದರೆ ನನಗೊಂದು ಅನುಮಾನ. ಹಾಲು ಮೊಸರಾಗಬೇಕಾದರೆ ಹೆಪ್ಪು ಬೇಕು. ಹೆಪ್ಪಿಲ್ಲದೆ ಯಾವುದು ತಾನೇ ಹುಳಿ ಬರುತ್ತದೆ? ಬರೆದ ಗಂಡಸು ಅಡುಗೆಮನೆಗೆ ಇಣುಕದವನು, ಮರೆತಿದ್ದಾನೆ ಅನ್ನಿಸಿತು. ಎರಡು ಚಮಚ ಗಟ್ಟಿ ಮಜ್ಜಿಗೆ ಬಿಟ್ಟು ಚೆನ್ನಾಗಿ ಕದಡಿ ಬಟ್ಟೆ ಕಟ್ಟಿದೆ. ಒಂದು ವಾರದೊಳಗೆ ಅದರ ಮೇಲೆ ಬಿಳಿ, ಹಸಿರು, ಕಪ್ಪು, ಮೂರು ಬಣ್ಣದ ಬೂಷ್ಟು ಬಂತು. ಮೂಗು ಮುಚ್ಚಿಕೊಂಡು ತಿಪ್ಪೆಗೆ ಸುರಿದೆ.

ಆ ಹೊತ್ತಿಗೆ ಸರಿಯಾಗಿ ಮದ್ದೂರಿನಿಂದ ಪಾತ್ರೆಗೆ ಕಲಾಯಿ ಹಾಕುವ ಸಾಬರು ಊರಿಗೆ ಬಂದಿದ್ದರು. ಅವರ ಹೆಂಡತಿ ಜೈನಾಬಿ ತಿದಿ ಒತ್ತುತ್ತಾ ಹೊಂಗೆಮರದ ಕೆಳಗೆ ಕೂತಿರುತ್ತಿದ್ದಳು. ಅವಳು ನನ್ನ ತವರಿನ ಬೀದಿಯವಳು. ಅವಳ ಮನೆಯ ನೇರಳೆ ಸಿರ್ಕಾ, ಅಂದರೆ ಹಣ್ಣಿನ ರಸವನ್ನು ಹುಳಿ ಬರಿಸಿದ ವಿನಿಗರು, ಮದ್ದೂರಿನಲ್ಲೆಲ್ಲ ಹೆಸರುವಾಸಿ, ಹೊಟ್ಟೆನೋವಿಗೆ ಹಿಂದೂಗಳ ಮನೆಗೂ ಹೋಗುತ್ತಿತ್ತು. ಬಿಂದಿಗೆಯ ನೆಪ ಮಾಡಿಕೊಂಡು ಹೋಗಿ ಎಲ್ಲ ಹೇಳಿದೆ. ಅವಳು ತಿದಿ ನಿಲ್ಲಿಸಿದಳು.

"ತೊಳೆದ್ಯಾ? ಬಿಸ್ನೀರಲ್ಲಾ?" ಎಂದು ಕೇಳಿ ಹಣೆ ಚಚ್ಚಿಕೊಂಡಳು. "ಹಣ್ಣಿನ ಮೈಮೇಲೆ ಬೂದಿ ತರ ತೆಳ್ಳಗೆ ಇರ್ತದಲ್ಲಮ್ಮ, ಹುಳಿ ಬರ್ಸೋದೆ ಅದು. ನೀ ಅದ್ನ ತೊಳ್ದು ಚೆಲ್ಬುಟ್ಟು ಮಜ್ಜಿಗೆ ಹುಯ್ದಿದ್ದೀಯ. ಒರ್ಸಿದ್ರೆ ಸಾಕಾಗಿತ್ತು."

"ಮತ್ತೆ ಸಿರ್ಕಾ ಆಗ್ದಂಗೆ ವೈನು ಮಾಡೋದೆಂಗೆ?"

"ಅದು ನಂಗೊತ್ತಿಲ್ಲ ಬುಡು. ನಮ್ಗೆ ಅದು ಹರಾಮು. ಸಿರ್ಕಾ ಆಗೋಕ್ ಮುಂಚೆ ರಸ ಹೆಂಡದ ಬೀದೀಲೇ ಹಾದು ಬತ್ತದೆ. ಆ ಹತ್ತು ದಿವ್ಸ ನಾ ಜಾಡಿ ಕಡೆ ತಿರುಗಿ ನೋಡಾಕಿಲ್ಲ."

ತಿರುಗಿ ನೋಡದೆ ಇರುವುದು ಹೇಗೆ ಎಂದು ಅವಳನ್ನೇ ಕೇಳಬೇಕಾಗಿತ್ತು, ಕೇಳಲಿಲ್ಲ.

ಮದ್ದೂರಿನ ಸಂತೆಗೆ ಬೆಳಕವಾಡಿ ಕಡೆಯಿಂದ ಬಂದ ಹಣ್ಣಿನವಳು, "ಇದೇ ಕಡೇ ಕುಕ್ಕೆ ಕಣವ್ವ, ಮರದಾಗೆ ಇನ್ನೇನಿಲ್ಲ" ಎಂದಳು. ಕುಕ್ಕೆ ಸಮೇತ ಕೊಂಡೆ. ಹಣ್ಣನ್ನು ಮೆತ್ತಗೆ ಒರೆಸಿ, ಹಿಸುಕಿ, ಬೆಲ್ಲ ಕಲಸಿ, ಅಗಲ ಬಾಯಿಯ ಜಾಡಿಗೆ ತುಂಬಿ, ಕಣಜದ ಕೋಣೆಯಲ್ಲಿ ರಾಗಿ ಹೊಟ್ಟಿನ ರಾಶಿಯೊಳಗೆ ಕುತ್ತಿಗೆವರೆಗೂ ಹುಗಿದಿಟ್ಟೆ. ಹೊಟ್ಟಿನ ಕಾವೂ ಸಿಗುತ್ತದೆ, ಕಣ್ಣಿಗೂ ಬೀಳುವುದಿಲ್ಲ. ಆ ಕೋಣೆಗೆ ಕಿಟಕಿಯಿಲ್ಲ. ನಡುಮನೆಯಲ್ಲಿ ಅತ್ತೆ ಮಲಗಿದ್ದ ಮಂಚದ ಪಕ್ಕದಲ್ಲೇ ಅದರ ಬಾಗಿಲು.

ಎರಡನೆಯ ದಿನ ಏನೂ ಇಲ್ಲ. ಮೂರನೆಯ ದಿನ ಹೊಟ್ಟನ್ನು ಸರಿಸಿ ಜಾಡಿಯ ಹೊಟ್ಟೆಗೆ ಕಿವಿ ಇಟ್ಟೆ. ಗುಳುಂ. ನಾನು ತಟ್ಟನೆ ಹಿಂದಕ್ಕೆ ಬಂದೆ. ಮತ್ತೆ ಕಿವಿ ಇಟ್ಟೆ. ಒಳಗೆ ಯಾರೋ ಕಷ್ಟಸುಖ ಮಾತಾಡಿಕೊಳ್ಳುತ್ತಿದ್ದ ಹಾಗೆ, ಒಮ್ಮೆ ಸಣ್ಣಗೆ, ಒಮ್ಮೆ ದಪ್ಪಗೆ. ಒಲೆಯಿಲ್ಲ, ಬೆಂಕಿಯಿಲ್ಲ, ರಸ ತಾನೇ ಕುದಿಯುತ್ತಿದೆ. ಕುದಿಸುವವರು ಯಾರು? ದಿನಕ್ಕೊಮ್ಮೆ ಇದ್ದದ್ದು ಎರಡು ಸಲವಾಯಿತು, ಆಮೇಲೆ ಲೆಕ್ಕ ತಪ್ಪಿತು. ಕಿವಿ ಇಟ್ಟು ಏಳುವಾಗ ಕಿವಿಗೆ, ಕೂದಲಿಗೆ ಹೊಟ್ಟು ಮೆತ್ತಿಕೊಳ್ಳುತ್ತಿತ್ತು. ಸೆರಗಿನಿಂದ ಒರೆಸಿಕೊಂಡು, ರಾಗಿ ತೆಗೆಯಲು ಹೋಗಿದ್ದವಳ ಹಾಗೆ ಮೊರ ಹಿಡಿದು ಹೊರಗೆ ಬರುತ್ತಿದ್ದೆ.

ಕೇಳಿದ ಮೇಲೆ ನೋಡದೆ ಇರಲಾಗುತ್ತದೆಯೇ, ನೀವೇ ಹೇಳಿ. ಒಂದು ಮಧ್ಯಾಹ್ನ ಬಟ್ಟೆ ಬಿಚ್ಚಿದೆ. ಒಳಗೆ ಕತ್ತಲು. ಸೌಟಿನಲ್ಲಿ ಎಣ್ಣೆಬತ್ತಿ ಹಚ್ಚಿಕೊಂಡು ಮೆಲ್ಲಗೆ ಜಾಡಿಯ ಬಾಯೊಳಗೆ ಇಳಿಸಿದೆ. ಬತ್ತಿ ಆರಿಹೋಯಿತು. ಗಾಳಿಯಿಲ್ಲದ ಕೋಣೆ ಅದು. ಮತ್ತೆ ಹಚ್ಚಿ ಇಳಿಸಿದೆ, ಯಾರೋ ಬಾಯಿಂದ ಊದಿದ ಹಾಗೆ ಮತ್ತೆ ಆರಿತು. ಬಿಡದೆ ಐದು ಸಲ ಹಚ್ಚಿದೆ. ಬೆಂಕಿಕಡ್ಡಿ ಸಿಗದಿದ್ದ ಆ ದಿನಗಳಲ್ಲಿ ಐದು ಕಡ್ಡಿ ಅಂದರೆ ಐದು ದಿನದ ಒಲೆ. ಹೊರಗೆ ಬಂದಾಗ ಅತ್ತೆ ಕಣ್ಣು ಮುಚ್ಚಿಕೊಂಡೇ, "ಕಡ್ಡಿ ಗೀರಿದ ಸದ್ದು ಕೇಳ್ತು" ಎಂದರು. ಇಲಿ ಇರಬೇಕು ಎಂದೆ. ಕಡ್ಡಿ ಗೀರುವ ಇಲಿಯ ಬಗ್ಗೆ ಅವರು ಮುಂದೆ ಕೇಳಲಿಲ್ಲ.

ದೀಪ ಆರುವುದನ್ನು ನಾನು ಇನ್ನೊಂದು ಕಡೆಯೂ ನೋಡಿದ್ದೆ. ನಮ್ಮ ಕಡೆ ರಾಗಿಯನ್ನು ನೆಲದಡಿಯ ಹಗೇವಿನಲ್ಲಿ ತುಂಬಿ ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಾರೆ. ವರ್ಷಗಟ್ಟಲೆ ಕೆಡುವುದಿಲ್ಲ. ಅದನ್ನು ತೆರೆದ ದಿನ ಯಾರೂ ತಕ್ಷಣ ಇಳಿಯುವ ಹಾಗಿಲ್ಲ. ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಾರೆ, ಆರಿತೋ, ಇನ್ನೂ ಕಾಯಬೇಕು. ಹಗೇವಿನ ಗಾಳಿಗೂ ನೇರಳೆ ಹಣ್ಣಿಗೂ ಏನು ಸಂಬಂಧ? ಈ ಪ್ರಶ್ನೆ ಎರಡು ದಿನ ನನ್ನ ನಿದ್ದೆ ಕೆಡಿಸಿತು. ಅದನ್ನು ಬಲ್ಲವರು ಮನೆಯಲ್ಲಿ ಒಬ್ಬರೇ. ಕೇಳಬಾರದವರೂ ಅವರೇ. ಮೂರನೆಯ ದಿನ ಮಾವ ಕೈತೊಳೆಯಲು ಬಂದಾಗ ಬಾಯಿ ತಡೆಯಲಿಲ್ಲ.

"ಮಾವಯ್ಯ, ಹಗೇವಲ್ಲಿ ದೀಪ ಯಾಕೆ ಆರ್ತದೆ?"

"ರಾಗೀಗೂ ಉಸಿರದೆ ಕಣವ್ವ" ಎಂದರು ಮಾವ. "ಮುಚ್ಚಿದ್ ಕಡೆ ಕುಂತು ಉಸಿರು ಬುಟ್ಟು ಬುಟ್ಟು ಅದ್ರ ಉಸಿರೇ ತುಂಬ್ಕತದೆ. ಅದು ದೀಪಕ್ಕೂ ಆಗಾಕಿಲ್ಲ, ಮನುಸಂಗೂ ಆಗಾಕಿಲ್ಲ."

"ಅಣ್ಣೂ ಉಸಿರು ಬುಡ್ತದಾ?"

ಮಾವ ಚೊಂಬು ಕೆಳಗಿಟ್ಟು ನನ್ನ ಮುಖ ನೋಡಿದರು. "ಯಾಕವ್ವ?"

"ಸುಮ್ಕೆ ಕೇಳ್ದೆ."

"ಬುಡ್ತದೆ" ಎಂದು ಹೇಳಿ ಹೊರಟುಹೋದರು.

ಮಾರನೆಯ ದಿನ ಅವರ ಕಂಬಳಿ ಪಡಸಾಲೆಯ ಗೂಟದ ಮೇಲೆ ಮಡಿಸಿಟ್ಟಿದ್ದು ಕಂಡೆ. ಒಗೆಯಲು ತಂದಿರಬೇಕು ಅಂದುಕೊಂಡೆ. ಅವರು ಒಗೆಯಲು ಕೊಡಲಿಲ್ಲ, ನಾನೂ ಒಗೆಯಲಿಲ್ಲ, ಅದು ಅಲ್ಲೇ ಇತ್ತು. ಚಾವಡಿಯಲ್ಲಿ ಮಾವ ಈಗ ಬರೀ ಕಲ್ಲಿನ ಮೇಲೆ ಕೂರುತ್ತಿದ್ದರಂತೆ. ಇಷ್ಟು ಕಣ್ಣಿಗೆ ಕಂಡರೂ, ಹಣ್ಣಿನ ಉಸಿರಿನ ಗುಟ್ಟು ಹುಡುಕುತ್ತಿದ್ದ ನನಗೆ ಏನೂ ಹೊಳೆಯಲಿಲ್ಲ.

ಅತ್ತೆ ಎರಡು ತುತ್ತಿನಿಂದ ಒಂದಕ್ಕೆ ಇಳಿದರು. ನಾನು ದಿನಾ ಬಟ್ಟೆ ಬಿಚ್ಚಿ ಆಯಿತೇ ಎಂದು ನೋಡುವೆ, ಇನ್ನೂ ಇಲ್ಲ ಎಂದು ಕಟ್ಟುವೆ. ತಿಂಗಳು ತುಂಬಿದ ದಿನ ತಲೆಗೆ ನೀರು ಹಾಕಿಕೊಂಡು, ಹೊಸ ಬಟ್ಟೆಯಲ್ಲಿ ರಸ ಸೋಸಿದೆ. ಬಣ್ಣ ಅಂದರೆ ಬಣ್ಣ, ರೇಷ್ಮೆ ಸೀರೆಗೆ ಹಾಕಬಹುದು. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದೆ. ಕಿವಿಯ ಬುಡದವರೆಗೂ ಹುಳಿ ಏರಿತು. ಕಣ್ಣಲ್ಲಿ ನೀರು ಬಂತು. ಇನ್ನೊಂದು ಸಲ ಮುಟ್ಟಿಸಿದೆ. ಅದು ಜೈನಾಬಿಯ ಸಿರ್ಕಾ, ಬೇರೇನೂ ಅಲ್ಲ. ದಿನಾ ಬಾಯಿ ಬಿಚ್ಚಿ ಬಿಚ್ಚಿ ಗಾಳಿ ಆಡಿಸಿ, ಜೈನಾಬಿ ಹೇಳಿದ ಆ ಬೀದಿಯಲ್ಲಿ ನಿಲ್ಲಬೇಕಾಗಿದ್ದ ರಸವನ್ನು ನಾನೇ ಆಚೆ ಅಟ್ಟಿದ್ದೆ. ಮರದಲ್ಲಿ ಹಣ್ಣಿಲ್ಲ. ಅವ್ವನ ಅವರೆಬೀಜದ ಹಾಗೆ ಅತ್ತೆಯನ್ನೂ ಕೆದಕಿ ಕೊಂದೆ ಅನ್ನಿಸಿ, ಹೊಟ್ಟಿನ ರಾಶಿಯ ಮೇಲೆ ಕೂತು ಅವರಿಗೆ ಕೇಳಿಸದ ಹಾಗೆ ಅಳತೊಡಗಿದೆ.

ತಲೆಯೆತ್ತಿದರೆ ಬಾಗಿಲಲ್ಲಿ ಮಾವ. ಪಾತ್ರೆ ಮುಚ್ಚಲು ಸೆರಗೂ ಸಾಲಲಿಲ್ಲ.

"ಏನಾಯ್ತವ್ವ?" ಎಂದರು.

ಇನ್ನು ಮುಚ್ಚುವುದೇನು. ಡಾಕ್ಟರ ಮಾತು, ಚೀಟಿ, ಎಲ್ಲ ಹೇಳಿದೆ. ಒಡೆಯುವುದಾದರೆ ಒಡೆಯಿರಿ, ಅದರಲ್ಲಿ ಈಗ ಬರೀ ಹುಳಿ ಇದೆ ಎಂದೆ. ಅವರು ಒಳಗೆ ಬಂದು, ರಾಶಿಯ ಇನ್ನೊಂದು ಬದಿಯಲ್ಲಿ ಕುಕ್ಕುರುಗಾಲಿನಲ್ಲಿ ಕೂತರು. ಜಾಡಿಯ ಮೇಲೆ ಕೈ ಆಡಿಸಿದರು.

"ಅದ್ಕೇಯಾ" ಎಂದರು, "ಒಂದು ವಾರದಿಂದ ಸದ್ದೇ ಇರ್ನಿಲ್ಲ."

ನಾನು ಅಳುವುದು ನಿಲ್ಲಿಸಿದೆ. ಆ ಸದ್ದು ನಡುಮನೆಗೂ ಕೇಳುವಂಥದ್ದಲ್ಲ. ಜಾಡಿಗೆ ಕಿವಿ ಅಂಟಿಸಿದವರಿಗೆ ಮಾತ್ರ ಕೇಳುವಂಥದ್ದು.

"ಮಾವಯ್ಯ, ನಿಮ್ ಕಂಬಳಿ..."

"ನಿಮ್ಮತ್ತೆ ಕುಡಿದ್ ದಿವ್ಸ ಚಾವಡೀಲಿ ನಾನೇ ಎಲ್ರಿಗೂ ಏಳ್ಬುಟ್ಟು ಬರೋನಿದ್ದೆ, ಅದ್ಕೇ ಕಂಬಳಿ ಮೊದ್ಲೇ ಮಡಿಸಿ ತಂದಿದ್ದೆ. ಕದ್ದು ಮುಚ್ಚಿ ಮಾಡೋದೇನು." ಜಾಡಿಗೆ ಮೆತ್ತಿದ್ದ ಹೊಟ್ಟು ಒರೆಸುತ್ತಾ, "ಮೂವತ್ತು ವರ್ಸ ಬಡಿಸೌಳೆ ಕಣವ್ವ ನಂಗೆ. ಅವ್ಳು ಉಣ್ಣೋದ್ನೇ ನಾನು ನೋಡಿರ್ನಿಲ್ಲ" ಎಂದರು. ಗಡಿಗೆ ಒಡೆದ ಆ ಕೈ ಜಾಡಿಯ ಮೇಲೆಯೇ ಇತ್ತು. ನನ್ನ ಮಾವನನ್ನು ನಾನು ಅಷ್ಟು ಪ್ರೀತಿಯಿಂದ ಅದಕ್ಕೆ ಮುಂಚೆ ನೋಡಿರಲಿಲ್ಲ.

ಚೆಲ್ಲಲು ಇಬ್ಬರಿಗೂ ಮನಸ್ಸಾಗಲಿಲ್ಲ. ಈರುಳ್ಳಿ ಹೆಚ್ಚಿ, ಉಪ್ಪು ಹಸಿಮೆಣಸಿನಕಾಯಿ ಹಾಕಿ, ಆ ಸಿರ್ಕಾದಲ್ಲಿ ನೆನೆಸಿದೆ. ಮಧ್ಯಾಹ್ನ ಮುದ್ದೆಯ ಪಕ್ಕದಲ್ಲಿಟ್ಟೆ. ಮಾವ ಚಾವಡಿಗೆ ಹೋಗದೆ ಕಂಬಕ್ಕೆ ಒರಗಿ ಕೂತಿದ್ದರು. ಅತ್ತೆ ಒಂದು ತುತ್ತು ಮುರಿದರು, ಎರಡು ಮುರಿದರು. ನಾನು ಮಾವನ ಮುಖ ನೋಡಿದೆ, ಮಾವ ನನ್ನ ಮುಖ ನೋಡಿದರು. ಅತ್ತೆ ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಕೆನ್ನೇರಳೆ ಬಣ್ಣದ ಒಂದು ಈರುಳ್ಳಿ ಚೂರು ಬಾಯಿಗಿಟ್ಟು, ಮೂರನೆಯ ತುತ್ತು ಮುರಿದರು. ಆಮೇಲೆ ನಾಲ್ಕನೆಯದು. ಅರ್ಧ ಮುದ್ದೆ ಮುಗಿಯಿತು. ಸಂಜೆ ಕಂಬಳಿ ಚಾವಡಿಗೆ ವಾಪಸು ಹೋಯಿತು.

ದೀಪಾವಳಿಯ ಹೊತ್ತಿಗೆ ಬಳೆ ಮಣಿಕಟ್ಟಿಗೆ ಇಳಿದಿತ್ತು. ಡಾಕ್ಟರು ತಮ್ಮ ಮದ್ದು ಫಲಿಸಿತೆಂದರು, ಜೈನಾಬಿ ತನ್ನ ಸಿರ್ಕಾದ ಗುಣ ಅಂದಳು, ಯಜಮಾನರು ಚೀಟಿ ತಂದವನು ತಾನಲ್ಲವೇ ಎಂದು ಬೀಗಿದರು. ನನಗೆ ಮಾತ್ರ ತಿಳಿದುಕೊಳ್ಳುವ ಚಟ ಬಿಡಲಿಲ್ಲ. ಯಾವುದರಿಂದ ಹಸಿವು ಬಂತು? ಒಂದು ದಿನ ಅತ್ತೆಯ ತಲೆ ಬಾಚುತ್ತಾ ಕೇಳಿಯೇಬಿಟ್ಟೆ. "ಅತ್ತೆಮ್ಮ, ಆವತ್ತು ಈರುಳ್ಳಿ ಅಷ್ಟು ರುಚಿಯಾಗಿತ್ತಾ?"

"ನಂಗೇನ್ ಗೊತ್ತು" ಎಂದರು ಅತ್ತೆ. "ಆವತ್ತೂ ಬಾಯೆಲ್ಲ ಮಣ್ಣೇ."

"ಮತ್ತೆ ಯಾಕೆ ತಿಂದ್ರಿ?"

ಅತ್ತೆ ಹಿಂದಕ್ಕೆ ಕೈ ಚಾಚಿ ನನ್ನ ಕಿವಿ ಮುಟ್ಟಿದರು.

"ತಿಂಗಳಿಂದ ಆ ಕೋಣೆಯಿಂದ ಬಂದಾಗ್ಲೆಲ್ಲ ನಿನ್ ಕಿವೀಲಿ ರಾಗಿ ಹೊಟ್ಟು. ನೀನು ಅಂಗೇ ಬುಡು, ಏನಾರ ಕೆದಕ್ತಿರ್ತೀಯ. ಆಮೇಲ್ ನೋಡಿದ್ರೆ ನಿಮ್ ಮಾವನ್ ಕಿವೀಲೂ ಹೊಟ್ಟು. ಇಬ್ರೂ ಹಂಗೆ ಕಣ್ಬುಟ್ಕಂಡು ಕುಂತಿರುವಾಗ ಉಣ್ದೆ ಏನ್ ಮಾಡ್ಲವ್ವ."